ವೆಂಡರು ಕೊಟ್ಟ ಸೀರೆ

ಕಂಪನಿಗಳು ಹೊರದೇಶಕ್ಕೆ ಹೋಗುವಾಗ ಭೂಪಟ ಬಿಡಿಸಿಕೊಂಡು, ಎಲ್ಲಿ ಗಿರಾಕಿ ಹೆಚ್ಚು, ಎಲ್ಲಿ ತಾಪತ್ರಯ ಕಡಿಮೆ ಎಂದು ಅಳೆದು ತೂಗಿ ಹೋಗುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಕಂಪನಿ ಹೋಗಿದ್ದು ಹಾಗಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದವನೊಬ್ಬ ಬೆಂಗಳೂರಿನ ಪೀಣ್ಯದಲ್ಲಿ ಲ್ಯಾಬುಗಳಿಗೆ ಬೇಕಾದ ಮೆಷಿನ್ನು ತಯಾರಿಸುತ್ತಾನೆ. ಅಮೆರಿಕದಲ್ಲಿ ಶಾಖೆ ತೆರೆಯಬೇಕೆಂದು ಆಸೆಯಾದಾಗ ಅವನು ದೊಡ್ಡ ಸಲಹೆಗಾರರಿಂದ ವರದಿ ಬರೆಸಿದ. ಶುರು ಮಾಡುವುದಾದರೆ ಬಾಸ್ಟನ್ನಿನಲ್ಲಿ ಮಾಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತಂತೆ. ಅವನು ಅದನ್ನು ಪೂರ್ತಿ ಓದಿ, ಮಡಿಸಿಟ್ಟು, ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿದ್ದ ನನಗೆ ಫೋನು ಮಾಡಿದ.

“ಬಾಸ್ಟನ್ನಲ್ಲಿ ನಂಗ್ಯಾರೇ ಗೊತ್ತು? ನೀನು ಇರೋದು ಅಲ್ಲಿ. ಅಲ್ಲೇ ಶುರು ಮಾಡೋಣ ಕಣೇ,” ಅಂದ.

ನಾನಾಗ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಮಗಳು ಹೈಸ್ಕೂಲು ಸೇರಿದ್ದಳು, ಅವಳಿಗೆ ನನ್ನ ಅಗತ್ಯ ಉಳಿದಿದ್ದು ಕಾರು ಓಡಿಸುವುದಕ್ಕೆ ಮಾತ್ರ. ಒಪ್ಪಿಕೊಂಡೆ. ಒಪ್ಪಿಕೊಂಡ ಮರುಗಳಿಗೆಯೇ ಚಿಂತೆ ಶುರುವಾಯಿತು. ಇದು ನನ್ನ ಹುಟ್ಟುಗುಣ. ಮೈಸೂರಿನಲ್ಲಿ ಚಿಕ್ಕವಳಿದ್ದಾಗ ಹಾಲಿನವನು ಬರುವುದು ಸ್ವಲ್ಪ ತಡವಾದರೂ ಅವನಿಗೇನಾಯಿತೋ ಎಂದು ಗೇಟಿಗೆ ಹೋಗಿ ನಿಲ್ಲುತ್ತಿದ್ದವಳು ನಾನು. ಅಂಥವಳ ಕೈಗೆ ಒಂದು ಕಂಪನಿಯ ಅಮೆರಿಕಾ ಶಾಖೆ ಬಂದಿತ್ತು. ಶಾಖೆ ಎಂದರೆ ನಾನು, ನಮ್ಮ ಮನೆಯ ಗರಾಜು, ಗರಾಜಿನಲ್ಲಿ ಥರ್ಮೋಕೋಲು ಸುತ್ತಿಕೊಂಡು ಕೂತಿದ್ದ ಒಂದೆರಡು ಮೆಷಿನ್ನು, ಅಷ್ಟೆ.

ಅದಕ್ಕೆ ಲ್ಯಾಬಿನವರು ಶೇಕರ್ ಅನ್ನುತ್ತಾರೆ. ಚಿಕ್ಕ ಫ್ರಿಜ್ಜಿನ ಗಾತ್ರದ ಪೆಟ್ಟಿಗೆ. ಒಳಗೆ ಗಾಜಿನ ಫ್ಲಾಸ್ಕುಗಳನ್ನು ಕೂರಿಸಿ ಬಾಗಿಲು ಹಾಕಿದರೆ ಅವನ್ನು ಬೆಚ್ಚಗಿಟ್ಟುಕೊಂಡು ಒಂದೇ ಸಮನೆ ಅಲುಗಾಡಿಸುತ್ತಾ ಇರುತ್ತದೆ. ಔಷಧಿ ಕಂಡುಹಿಡಿಯುವ ಲ್ಯಾಬುಗಳಲ್ಲಿ ಜೀವಕೋಶ ಬೆಳೆಸುವುದಕ್ಕೆ ಇದು ಬೇಕೇ ಬೇಕು. ನಮ್ಮದು ಒಳ್ಳೆಯ ಮೆಷಿನ್ನು. ಇದನ್ನು ಮಾರುವವಳಾಗಿ ಹೇಳುತ್ತಿಲ್ಲ, ಈಗ ನನಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಒಳ್ಳೆಯದಾದರೇನು, ಬಾಗಿಲು ತೆರೆಯಬೇಕಲ್ಲ. ಗುರುತು ಪರಿಚಯವಿಲ್ಲದ ಲ್ಯಾಬುಗಳಿಗೆ ನಾನು ಕಳಿಸಿದ ಈಮೇಲುಗಳಿಗೆ ಒಂದಕ್ಕೂ ಉತ್ತರ ಬರಲಿಲ್ಲ. ಆದದ್ದೆಲ್ಲ ಪರಿಚಯದಿಂದಲೇ ಆಯಿತು. ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಪೆಟ್ಟಿಗೆಗಳನ್ನು ಬಿಡಿಸಿಕೊಟ್ಟವರು, ಸಂಕ್ರಾಂತಿಗೆ ನಮಗೆ ಎಳ್ಳು ಬೀರುವ ಮನೆಯವರ ಅಳಿಯ. ಕಂಪನಿಯ ತೆರಿಗೆ ಕಾಗದ ನೋಡಿಕೊಟ್ಟವರು ನನ್ನ ಗಂಡನ ಜೊತೆ ಭಾನುವಾರ ಕ್ರಿಕೆಟ್ ಆಡುವವರ ಹೆಂಡತಿ. ಊರಿನಲ್ಲಿ ಇದಕ್ಕೆ ವಶೀಲಿ ಎಂದು ಹೆಸರಿಟ್ಟು ಮೂಗು ಮುರಿಯುತ್ತಿದ್ದೆವು. ಇಲ್ಲಿ ಅದಕ್ಕೆ ನೆಟ್‌ವರ್ಕಿಂಗು ಅನ್ನುತ್ತಾರೆ, ಸೆಮಿನಾರು ಕೂಡ ಮಾಡುತ್ತಾರೆ.

ಮೊದಲೆಲ್ಲ ಕನ್ನಡದವರ ಕಾರ್ಯಕ್ರಮ ಎಂದರೆ ತಲೆನೋವಿನ ನೆಪ ಹೇಳುತ್ತಿದ್ದ ನಾನು ಈಗ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗತೊಡಗಿದೆ. ಗೃಹಪ್ರವೇಶ, ನಾಮಕರಣ, ಸೀಮಂತ, ಯಾವುದನ್ನೂ ಬಿಡಲಿಲ್ಲ. ಲಿವರ್‌ಮೋರಿನ ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ಕೈಮುಗಿದಿದ್ದರೂ ಹಿಂದೆ ನಿಂತವರ ಬಾಯಲ್ಲಿ ಬಯೋಟೆಕ್ ಎಂಬ ಮಾತು ಬಂದರೆ ಕಿವಿ ನೆಟ್ಟಗಾಗುತ್ತಿತ್ತು. ಒಂದು ಸತ್ಯನಾರಾಯಣ ಪೂಜೆಯಲ್ಲಿ ಮೈಸೂರಿನವರೇ ಒಬ್ಬರು, “ಬಂದ್ರು ನೋಡ್ರಪ್ಪ ಶೇಕರಮ್ಮ. ಸಪಾದ ಜೊತೆ ಬ್ರೋಶರೂ ಕೊಡ್ತಾರೆ,” ಎಂದು ಎಲ್ಲರೆದುರು ರೇಗಿಸಿದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಭಯವಾಯಿತು. ಯಾರನ್ನು ನೋಡಿ ನಕ್ಕರೂ ಈ ನಗು ನನ್ನದೋ ಕಂಪನಿಯದೋ ಎಂದು ನನಗೇ ಗೊತ್ತಾಗದ ಸ್ಥಿತಿಗೆ ಬಂದಿದ್ದೆ.

ಆ ದಿನಗಳಲ್ಲೇ ಅಕ್ಕ ಸಿಕ್ಕಿದ್ದು. ಒಡಹುಟ್ಟಿದ ಅಕ್ಕನಲ್ಲ. ಡ್ಯಾನ್‌ವಿಲ್ಲಿನಲ್ಲಿ ಮನೆ, ಉಡುಪಿ ಕಡೆಯವರು, ನನಗಿಂತ ಹತ್ತಾರು ವರ್ಷ ದೊಡ್ಡವರು. ದೇವಸ್ಥಾನದ ಅಡುಗೆಮನೆಯಲ್ಲಿ ಒಂದು ಶನಿವಾರ ಹುರುಳಿಕಾಯಿ ಹೆಚ್ಚುವ ಸೇವೆಗೆ ಅಕ್ಕಪಕ್ಕ ಕೂತಿದ್ದೆವು. ಅವರು ಬರ್ಕ್ಲಿಯ ಒಂದು ಸಣ್ಣ ಔಷಧಿ ಕಂಪನಿಯಲ್ಲಿ ಲ್ಯಾಬು ನೋಡಿಕೊಳ್ಳುತ್ತಾರೆ, ಅಲ್ಲಿಗೆ ಯಾವ ಮೆಷಿನ್ನು ಬರಬೇಕು ಎಂದು ಮೊದಲು ಹೇಳುವವರು ಅವರೇ ಎಂಬುದು ನನಗೆ ಮೊದಲೇ ಗೊತ್ತಿತ್ತು. ಪಕ್ಕದಲ್ಲಿ ಜಾಗ ಹಿಡಿದು ಕೂತಿದ್ದೂ ಅದಕ್ಕೇ. ಸುತ್ತಿ ಬಳಸಿ ಶೇಕರಿನ ವಿಷಯಕ್ಕೆ ಬಂದೆ.

ಅಕ್ಕ ಚಾಕು ನಿಲ್ಲಿಸಲಿಲ್ಲ. “ಇಷ್ಟು ಹೇಳ್ಲಿಕ್ಕೆ ಅರ್ಧ ಬುಟ್ಟಿ ಬೀನ್ಸ್ ಮುಗಿಸಿದಿಯಲ್ಲ ಮಾರಾಯ್ತಿ! ತಂದು ಇಡು, ಓಡಿಸಿ ನೋಡುವ. ಚಂದ ಓಡಿದ್ರೆ ಆಯ್ತು. ಇಲ್ಲದಿದ್ರೆ ಇಲ್ಲ ಅಂತ ಹೇಳ್ತೇನೆ, ಆಮೇಲೆ ಮುಖ ಊದಿಸ್ಲಿಕ್ಕಿಲ್ಲ.”

ಮೆಷಿನ್ನು ಬರ್ಕ್ಲಿಗೆ ಹೋಯಿತು. ಪರೀಕ್ಷೆಗೆ ಇಟ್ಟ ಆ ತಿಂಗಳುಗಳಲ್ಲಿ ಅಕ್ಕ ಅದಕ್ಕೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಬಾಗಿಲಿನ ರಬ್ಬರು ಸರಿಯಿಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ, ಪೀಣ್ಯದಿಂದ ಬೇರೆ ತರಿಸಿ ಹಾಕಿಸಿದರು. ನಾನು ರಬ್ಬರಿನ ನೆಪದಲ್ಲಿ ಡ್ಯಾನ್‌ವಿಲ್ಲಿಗೆ ಹೋಗತೊಡಗಿದೆ. ಹೋದಾಗಲೆಲ್ಲ ಊಟ ಮಾಡದೆ ಕಳಿಸುತ್ತಿರಲಿಲ್ಲ. ಅವರ ಗಂಡ, ನನಗೆ ಭಾವ, ಹೃದಯದ ಆಪರೇಷನ್ನಾಗಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ಅವರ ಔಷಧಿ, ಆಸ್ಪತ್ರೆ, ಇನ್ಶೂರೆನ್ಸು ಎಲ್ಲ ನಿಂತಿದ್ದು ಅಕ್ಕನ ಕೆಲಸದ ಮೇಲೆ. “ನನ್ನ ಕೆಲಸ ಉಂಟು, ಹಾಗಾಗಿ ಇವರ ಮಾತ್ರೆ ಉಂಟು,” ಎಂದು ಅಕ್ಕ ನೀರುದೋಸೆ ಮಡಿಸುತ್ತಾ ಹೇಳುತ್ತಿದ್ದರು. ಭಾವ ನಗುತ್ತಿದ್ದರು. ನನಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ಭಯವಾಗುತ್ತಿತ್ತು.

ನೀರುದೋಸೆ ತಿನ್ನುತ್ತಾ ತಿನ್ನುತ್ತಾ ಶೇಕರಿನ ಮಾತು ಕಡಿಮೆಯಾಯಿತು. ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆಂಬ ನನ್ನ ದೂರು, ಅವರ ಮಗ ಫೋನೇ ಮಾಡುವುದಿಲ್ಲವೆಂಬ ಅವರ ದೂರು, ಇವೇ ಹೆಚ್ಚಾದವು. ನನ್ನ ಅಮ್ಮ ತೀರಿಕೊಂಡ ಮೇಲೆ ಯಾರ ಹತ್ತಿರವೂ ಹಾಗೆ ಬಾಯಿಬಿಟ್ಟು ಮಾತಾಡಿರಲಿಲ್ಲ. ಆದರೂ ಅವರ ಮನೆಯಿಂದ ಹೊರಟು ಫ್ರೀವೇ ಹತ್ತಿದ ಕೂಡಲೇ ಅದೇ ಪ್ರಶ್ನೆ. ಇವರು ನಿನಗೆ ಅಕ್ಕನೋ ಆರ್ಡರೋ? ಎರಡೂ ಯಾಕಾಗಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಕೊನೆಗೂ ಅಕ್ಕ ನಮ್ಮ ಮೆಷಿನ್ನೇ ಆಗಬಹುದು ಎಂದು ಬರೆದುಕೊಟ್ಟರು. ಅವರ ಕಂಪನಿಯಲ್ಲಿ ಮೇಲಿನವರು ಸಹಿ ಹಾಕುವುದಷ್ಟೇ ಬಾಕಿ. ಬೆಂಗಳೂರಿನಲ್ಲಿ ಸುದ್ದಿ ಕೇಳಿ ನನ್ನ ಸಹಪಾಠಿ ಹಿರಿಹಿರಿ ಹಿಗ್ಗಿ, ಹೆಂಡತಿಯನ್ನೂ ಕರೆದುಕೊಂಡು ಬಂದೇಬಿಟ್ಟ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಅಕ್ಕನನ್ನೂ ಭಾವನನ್ನೂ ಕರೆದೆ. ಬಿಸಿಬೇಳೆಬಾತು, ಕೋಸಂಬರಿ, ಶಾವಿಗೆ ಪಾಯಸ. ಊಟವಾದ ಮೇಲೆ ಅವನ ಹೆಂಡತಿ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ ಜೋಡಿಸಿಕೊಂಡು ಬಂದಳು. ಜೊತೆಗೆ ಅವಳು ಸೂಟ್‌ಕೇಸಿನಿಂದ ತೆಗೆದದ್ದು ಒಂದು ಮೈಸೂರು ರೇಷ್ಮೆ ಸೀರೆ, ಜರಿ ಅಂಚಿನದು, ನವಿಲಿನ ಬಣ್ಣ.

ಅಕ್ಕನಿಗೆ ಕುಂಕುಮ ಇಟ್ಟು ತಟ್ಟೆ ಮುಂದೆ ಹಿಡಿದಳು. ಅಕ್ಕ ಸೀರೆ ನೋಡಿದರು, ಕೈ ಚಾಚಲಿಲ್ಲ. “ಇದೆಲ್ಲ ಎಂತಕ್ಕೆ? ಎಲೆ ಅಡಿಕೆ ಸಾಕು.”

“ಅಯ್ಯೋ, ಅರಿಶಿನ ಕುಂಕುಮದ ಜೊತೆ ಕೊಡ್ತಿರೋದು, ಬೇಡ ಅನ್ಬಾರ್ದು,” ಅಂದಳು ಅವಳು. ನಾನೂ ದನಿಗೂಡಿಸಿದೆ. “ತಗೊಳ್ಳಿ ಅಕ್ಕ, ಅಷ್ಟು ದೂರದಿಂದ ತಂದಿದ್ದಾರೆ.” ಮುತ್ತೈದೆ ಕುಂಕುಮದ ಜೊತೆ ಕೊಟ್ಟದ್ದನ್ನು ಇನ್ನೊಬ್ಬ ಮುತ್ತೈದೆ ಬೇಡ ಅಂದದ್ದನ್ನು ನಾನು ಹುಟ್ಟಿದಾರಭ್ಯ ನೋಡಿಲ್ಲ. ಅಕ್ಕ ಸೆರಗೊಡ್ಡಿ ಇಸಿದುಕೊಂಡರು. ನನ್ನ ಸಹಪಾಠಿ ಫೋನಿನಲ್ಲಿ ಫೋಟೋ ತೆಗೆದ. ಎಲ್ಲರೂ ಸಂತೋಷವಾಗಿದ್ದೆವು, ನಾನು ಎಲ್ಲರಿಗಿಂತ ಹೆಚ್ಚು.

ಗಂಡ ಹೆಂಡಿರನ್ನು ಹೋಟೆಲಿಗೆ ಬಿಟ್ಟು ವಾಪಸು ಬರುವಾಗ, ಕಾರು ಓಡಿಸುತ್ತಿದ್ದ ನನ್ನ ಗಂಡ ಅಂದರು: “ಅಲ್ವೇ, ಅದು ವೆಂಡರ್ ಗಿಫ್ಟ್ ಆಗಲ್ವಾ?”

“ಯಾವುದು?”

“ಸೀರೆ. ಅವರು ಡಿಸೈಡ್ ಮಾಡೋರು, ನೀವು ಮಾರೋರು. ಆರ್ಡರ್ ಇನ್ನೂ ಸೈನ್ ಆಗಿಲ್ಲ. ನಮ್ಮ ಆಫೀಸಲ್ಲಿ ಪ್ರತಿ ವರ್ಷ ಟ್ರೇನಿಂಗು ಕೊಡ್ತಾರೆ ಇದಕ್ಕೆ. ನಮ್ಮ ಕಂಪನೀಲಾಗಿದ್ರೆ ಅವರ ಕೆಲಸ ಹೋಗ್ತಿತ್ತು.”

ಅರಿಶಿನ ಕುಂಕುಮಕ್ಕೂ ವೆಂಡರಿಗೂ ಏನು ಸಂಬಂಧ ಎಂದು ಜೋರು ಮಾಡಿದೆ. ಹೆಂಗಸು ಹೆಂಗಸಿಗೆ ಕೊಟ್ಟದ್ದು, ನಿಮಗೆ ಗಂಡಸರಿಗೆ ಗೊತ್ತಾಗುವುದಿಲ್ಲ ಎಂದೆ. ಅವರು ವಾದ ಮಾಡಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಆ ಸೀರೆಯನ್ನು ಬೇಡ ಅನ್ನುವ ದಾರಿಯೇ ಅಕ್ಕನಿಗೆ ಇಲ್ಲದ ಹಾಗೆ ನಾವೆಲ್ಲ ಸೇರಿ ಮಾಡಿದ್ದೆವು ಎಂಬುದು ಆಗ ತಲೆಗೆ ಹೋಯಿತು. ಭಾವನ ಮಾತ್ರೆಗಳ ಡಬ್ಬಿ ಕಣ್ಣ ಮುಂದೆ ಬಂತು.

ಮಾರನೆಯ ಬೆಳಿಗ್ಗೆ ಮಗಳ ಲಂಚು ಡಬ್ಬಿ ಕಟ್ಟುತ್ತಾ ಫೋನು ನೋಡಿದರೆ, ನನ್ನ ಸಹಪಾಠಿ ಆ ಫೋಟೋವನ್ನು ಕಂಪನಿಯ ಪೇಜಿಗೆ ಹಾಕಿದ್ದ. ಸೀರೆ ಹಿಡಿದ ಅವನ ಹೆಂಡತಿ, ಸೆರಗೊಡ್ಡಿದ ಅಕ್ಕ. ಕೆಳಗೆ, ಅಮೆರಿಕದ ನಮ್ಮ ಮೊದಲ ಗ್ರಾಹಕರು, ನಮ್ಮ ಕುಟುಂಬದವರೇ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಹೋಟೆಲಿಗೆ ಫೋನು ಮಾಡಿದೆ.

“ಎಷ್ಟು ಲೈಕ್ ಬಂದಿದೆ ನೋಡಿದ್ಯಾ?” ಅಂದ.

“ಮೊದ್ಲು ತೆಗಿಯೋ ಅದನ್ನ!” ಎಂದು ಕೂಗಿದೆ. ಅವನು ತೆಗೆದ. ಆದರೆ ನಿನಗೆ ಎಲ್ಲದಕ್ಕೂ ಗಾಬರಿ, ಕಾಲೇಜಿನಲ್ಲೂ ಹೀಗೇ ಇದ್ದೆ ಎಂದು ನಕ್ಕ. ಅಷ್ಟರಲ್ಲಿ ಯಾರು ಯಾರು ನೋಡಿದ್ದರೋ ದೇವರಿಗೇ ಗೊತ್ತು.

ಮಗಳನ್ನು ಸ್ಕೂಲಿಗೆ ಬಿಟ್ಟವಳೇ ನೇರ ಬರ್ಕ್ಲಿಗೆ ಹೋದೆ. ಅಕ್ಕನನ್ನು ಲ್ಯಾಬಿನಿಂದ ಪಾರ್ಕಿಂಗ್ ಲಾಟಿಗೆ ಕರೆಸಿ, ಗಂಡ ಹೇಳಿದ್ದು, ಫೋಟೋ ಹಾಕಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಸೀರೆ ವಾಪಸು ಕೊಟ್ಟುಬಿಡಿ ಅಕ್ಕ, ಇವತ್ತೇ ಕೊಟ್ಟುಬಿಡಿ ಎಂದೆ.

“ಸೀರೆ ಎಲ್ಲುಂಟು ಈಗ? ಬೆಳಿಗ್ಗೆ ಬರುವಾಗ ಫಾಲ್ ಹೊಲಿಲಿಕ್ಕೆ ಕೊಟ್ಟು ಬಂದದ್ದು,” ಅಂದರು ಅಕ್ಕ. ನಗಲು ನೋಡಿದರು, ಆಗಲಿಲ್ಲ. ಬಿಳಿ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡರು. “ನಂಗೂ ಟ್ರೇನಿಂಗ್ ಕೊಟ್ಟಿದ್ದಾರೆ ಮಾರಾಯ್ತಿ, ಪ್ರತಿ ವರ್ಷ. ಅದ್ರಲ್ಲಿ ವೈನ್ ಬಾಟ್ಲಿ ಇತ್ತು, ಮ್ಯಾಚಿನ ಟಿಕೆಟ್ ಇತ್ತು. ಕುಂಕುಮ ಇರ್ಲಿಲ್ಲ. ತಟ್ಟೆ ಮುಂದೆ ಬಂದಾಗ ನಂಗೆ ಆಫೀಸು ನೆನಪೇ ಆಗ್ಲಿಲ್ಲ, ಅಮ್ಮ ನೆನಪಾದ್ರು.”

ಅಕ್ಕ ಆ ದಿನವೇ ತಾವಾಗಿ ಮೇಲಿನವರಿಗೆ ಹೇಳಿದರು. ಯಾರಾದರೂ ನೋಡಿ ಹೇಳುವ ಮೊದಲು ನಾನೇ ಹೇಳುತ್ತೇನೆ ಎಂಬುದು ಅವರ ಸ್ವಭಾವ. ವಿಚಾರಣೆ ಮಾಡುತ್ತೇವೆ, ಅಲ್ಲಿಯವರೆಗೆ ಆರ್ಡರು ತಡೆಹಿಡಿಯುತ್ತೇವೆ ಎಂದರಂತೆ. ಫೋನಿನಲ್ಲಿ ಅಕ್ಕ ನನಗೆ ಇಕ್ಕಟ್ಟನ್ನು ಬಿಡಿಸಿ ಹೇಳಿದರು: “ನೀನು ನನ್ನ ಫ್ರೆಂಡ್ ಅಂತ ಹೇಳಿದ್ರೆ, ಫ್ರೆಂಡಿನ ಮೆಷಿನ್ ಯಾಕೆ ಒಳಗೆ ತಂದದ್ದು ಅಂತ ಕೇಳ್ತಾರೆ. ಫ್ರೆಂಡ್ ಅಲ್ಲ ಅಂತ ಹೇಳಿದ್ರೆ, ಹಾಗಾದ್ರೆ ರೇಷ್ಮೆ ಸೀರೆ ಎಂತಕ್ಕೆ ಅಂತ ಕೇಳ್ತಾರೆ. ಎರಡರಲ್ಲಿ ಯಾವುದು ಹೇಳುದು, ನೀನೇ ಹೇಳು.”

ಸ್ನೇಹಿತೆ ಅಂದರೆ ತಪ್ಪು, ಅಲ್ಲ ಅಂದರೆ ಲಂಚ.

ನನ್ನ ಸಹಪಾಠಿ ಬೆಂಗಳೂರಿಗೆ ಹಿಂತಿರುಗಿದ್ದ. ಈಗ ಅವನಿಗೂ ಬಿಸಿ ತಟ್ಟಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಫೋನು. “ಸುಮ್ನೆ ದೇವಸ್ಥಾನದ ಪರಿಚಯ ಅಂತ ಹೇಳೋಕ್ಕೆ ಹೇಳೇ ಅವರಿಗೆ. ಅಲ್ಲೆಲ್ಲಾ ಎಲ್ಲರೂ ಎಲ್ಲರಿಗೂ ಬಟ್ಟೆ ಕೊಡ್ತಾರೆ, ಅದು ರಿಲಿಜಿಯಸ್ ಅಂದ್ಬಿಡಲಿ. ಅಮೆರಿಕದವರು ರಿಲಿಜನ್ ಅಂದ್ರೆ ಮುಂದೆ ಕೇಳಲ್ಲ.” ಉಪಾಯ ಚೆನ್ನಾಗಿತ್ತು. ಆರ್ಡರೂ ಉಳಿಯುತ್ತಿತ್ತು, ಅಕ್ಕನ ಕೆಲಸವೂ ಉಳಿಯುತ್ತಿತ್ತು. ಹೇಳೋಣವೆಂದೇ ಡ್ಯಾನ್‌ವಿಲ್ಲಿಗೆ ಫೋನು ಮಾಡಿದೆ. ಅಕ್ಕ ಫೋನು ಎತ್ತಿದವರೇ ಭಾವನಿಗೆ ಮತ್ತೆ ಸುಸ್ತು, ಹೊಸ ಟೆಸ್ಟು ಬರೆದಿದ್ದಾರೆ ಎಂದು ಹೇಳತೊಡಗಿದರು. ನನ್ನ ಹತ್ತಿರ ಆ ಮಾತು ಹೇಳಿಕೊಳ್ಳುವುದು ಅವರಿಗೆ ಅಷ್ಟು ಸಹಜವಾಗಿಹೋಗಿತ್ತು. ದೇವಸ್ಥಾನದ ಪರಿಚಯ ಎಂಬ ಮಾತು ಎತ್ತದೆ, ಟೆಸ್ಟು ಯಾವತ್ತು ಎಂದು ಕೇಳಿ ಫೋನು ಇಟ್ಟೆ.

ಆಮೇಲೆ ಕಾಯುವುದು. ನಾನು ಕಾಯುವುದರಲ್ಲಿ ಬಹಳ ಕೆಟ್ಟವಳು. ಅನ್ನಕ್ಕಿಟ್ಟು ಮರೆಯುತ್ತಿದ್ದೆ, ಮಗಳನ್ನು ಕರೆದುಕೊಂಡು ಬರಲು ಬೇಗ ಹೋಗಿ ಖಾಲಿ ಸ್ಕೂಲಿನ ಮುಂದೆ ಕೂರುತ್ತಿದ್ದೆ. ಲಿವರ್‌ಮೋರಿಗೆ ಹೋದರೂ ದೇವಸ್ಥಾನದ ಹೊರಗೆ ಕಾರು ನಿಲ್ಲಿಸಿ ಒಳಗೆ ಹೋಗಲು ಮನಸ್ಸಾಗದೆ ತಿರುಗಿ ಬಂದೆ. ದೇವರನ್ನು ಎದುರಿಸಬಹುದಿತ್ತು, ಅಡುಗೆಮನೆಯವರನ್ನು ಎದುರಿಸುವುದು ಕಷ್ಟವಾಗಿತ್ತು. ಯಾಕೆಂದರೆ ನಮ್ಮ ಮೆಷಿನ್ನು ಯಾವ ದಾರಿಯಲ್ಲಿ ಬರ್ಕ್ಲಿ ಮುಟ್ಟಿತ್ತೋ ಅದೇ ದಾರಿಯಲ್ಲಿ ಈಗ ಈ ಸುದ್ದಿ ಓಡಾಡುತ್ತಿತ್ತು. ಎಳ್ಳು ಬೀರುವ ಮನೆಯವರು ಅಳಿಯನಿಗೆ, ಅಳಿಯ ಕ್ರಿಕೆಟಿನವರಿಗೆ, ಅವರು ಹೆಂಡತಿಗೆ. ಒಂದು ನಾಮಕರಣದಲ್ಲಿ, ನಾನು ಹೆಸರೂ ಸರಿಯಾಗಿ ಅರಿಯದ ಹೆಂಗಸೊಬ್ಬರು ಮೈಸೂರುಪಾಕಿನ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು, “ಏನೋ ಸೀರೆ ವಿಷ್ಯವಂತೆ? ಪಾಪ, ಅವರ ಕೆಲಸ ಹೋಯ್ತಂತೆ?” ಅಂದರು.

ಹೋಗಿರಲಿಲ್ಲ. ಹೋಗಿದ್ದರೆ ಅಕ್ಕ ಹೇಳುತ್ತಿರಲಿಲ್ಲವೇ? ಅಥವಾ ನನಗೇ ಹೇಳಬಾರದು ಎಂದುಕೊಂಡಿದ್ದಾರೋ? ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತೆ. ನನಗೆ ಆಗ ಆರ್ಡರಿನ ಯೋಚನೆ ಇರಲಿಲ್ಲ, ಇಷ್ಟನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಬಲ್ಲೆ.

ಅಕ್ಕನ ಫೋನು ಬಂದದ್ದು ನಾನು ಗ್ರೋಸರಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ. ಅಲ್ಲೇ ಸೊಪ್ಪಿನ ಮುಂದೆ ನಿಂತು ಕೇಳಿದೆ.

“ಕೆಲಸ ಉಂಟು,” ಅಂದರು ಮೊದಲೇ. ನಾನು ಕೇಳುವ ಮುಂಚೆ. “ಆದ್ರೆ ಇನ್ನು ಮೆಷಿನ್ ಗಿಷಿನ್ ಆರಿಸುದು ನನ್ನ ಕೈಯಲ್ಲಿಲ್ಲ. ಬೇರೆಯವರಿಗೆ ಕೊಟ್ರು. ನನ್ನ ಫೈಲಿಗೆ ಒಂದು ಎಚ್ಚರಿಕೆ ಹಾಕಿದ್ರು. ನಿಮ್ಮ ಆರ್ಡರ್ ಕ್ಯಾನ್ಸಲ್. ಬೇಜಾರು ಮಾಡ್ಬೇಡ.”

“ಅಕ್ಕ, ನೀವೇನಂತ ಹೇಳಿದ್ರಿ ಅವರಿಗೆ?”

“ಇದ್ದದ್ದು ಹೇಳಿದೆ. ಅವಳು ನಂಗೆ ತಂಗಿ ಹಾಗೆ ಅಂತ. ಪರಿಚಯ ಅಷ್ಟೇ ಅಂತ ಹೇಳ್ಲಿಕ್ಕೆ ನಂಗೆ ನಾಲಿಗೆ ಬರ್ಲಿಲ್ಲ. ಕುಂಕುಮದ್ದೂ ಹೇಳಿದೆ, ಬೇಡ ಹೇಳ್ಬಾರ್ದು ಅಂತ. ಇಬ್ಬರು ಕೂತಿದ್ರು, ತಲೆ ಆಡಿಸಿದ್ರು. ಆಮೇಲೆ ಅದ್ರಲ್ಲಿ ಒಬ್ಳು ಕೇಳಿದ್ಳು, ಸಣ್ಣ ಹುಡುಗಿ, ನಮ್ರತೆಯಲ್ಲೇ ಕೇಳಿದ್ಳು. ಅವರ ಕಂಪನಿ ಏನೂ ಮಾರುದಿಲ್ಲ ಅಂತಾಗಿದ್ರೆ, ಅವರು ನಿಮ್ಮನೆಗೆ ಬರ್ತಾ ಇದ್ರಾ ಅಂತ.”

ಪಕ್ಕದಲ್ಲಿ ಯಾರೋ ಎಕ್ಸ್‌ಕ್ಯೂಸ್ ಮಿ ಎಂದು ಕೈಚಾಚಿ ಪುದೀನ ತೆಗೆದುಕೊಂಡರು.

“ಗೊತ್ತಿಲ್ಲ ಅಂದೆ,” ಅಂದರು ಅಕ್ಕ. “ನಂಗೆ ಹೇಗೆ ಗೊತ್ತಾಗ್ಬೇಕು? ಆಯ್ತು, ಇಡ್ತೇನೆ. ಇವರಿಗೆ ಮಾತ್ರೆ ಕೊಡುವ ಹೊತ್ತು.”

ಬೆಂಗಳೂರಿಗೆ ಹೇಳಿದಾಗ ನನ್ನ ಸಹಪಾಠಿ ನನ್ನ ಮೇಲೆ ಕೂಗಾಡಲಿಲ್ಲ. ಅವನು ಕೆಟ್ಟವನಲ್ಲ. ತಂಗಿ ಎಂದು ಯಾಕೆ ಹೇಳಬೇಕಿತ್ತು, ಅಷ್ಟು ಒಳ್ಳೆಯ ಮೆಷಿನ್ನು ಎಂದು ಎರಡು ಸಲ ಹೇಳಿದ. ಮೆಷಿನ್ನು ಒಳ್ಳೆಯದೇ, ಅದಕ್ಕೆ ಅಕ್ಕನೇ ಸಾಕ್ಷಿ. ಆದರೆ ಅದು ಆ ಲ್ಯಾಬಿನ ಬಾಗಿಲು ದಾಟಿದ್ದು ತನ್ನ ಗುಣದಿಂದಲ್ಲ, ಹುರುಳಿಕಾಯಿ ಬುಟ್ಟಿಯ ಪಕ್ಕದ ಜಾಗದಿಂದ ಎಂಬುದು ಅವನಿಗೂ ಗೊತ್ತಿತ್ತು. ಕೆಲವು ವಾರಗಳಾದ ಮೇಲೆ ಮತ್ತೆ ಫೋನು ಮಾಡಿ, ನ್ಯೂಜೆರ್ಸಿಯಲ್ಲಿ ಶಾಖೆ ಶುರು ಮಾಡುತ್ತೇನೆ ಎಂದ. ಅಲ್ಲಿ ಲ್ಯಾಬು ಹೆಚ್ಚೇ ಎಂದು ಕೇಳಿದೆ. “ಅದು ನೋಡ್ಬೇಕು. ನಮ್ಮನೆಯವಳ ಕಸಿನ್ ಇದಾನೆ ಅಲ್ಲಿ, ಎಲ್ಲರ ಪರಿಚಯ ಇದೆ ಅವನಿಗೆ,” ಅಂದ. ವ್ಯಾನು ಬಂದು ಮೆಷಿನ್ನುಗಳನ್ನು ತೆಗೆದುಕೊಂಡು ಹೋಯಿತು. ಬಹಳ ದಿನಗಳ ಮೇಲೆ ನನ್ನ ಕಾರು ಗರಾಜಿನ ಒಳಗೆ ಹೋಗಿ ನಿಂತಿತು.

ಈಗ ನನ್ನ ಹತ್ತಿರ ಮಾರುವುದಕ್ಕೆ ಏನೂ ಇರಲಿಲ್ಲ. ಯಾವ ನಾಮಕರಣಕ್ಕೂ ಹೋಗಬೇಕಾಗಿರಲಿಲ್ಲ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅಕ್ಕ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಾಡಿದರೆ ಏನೆಂದು ಮಾತು ಶುರು ಮಾಡುವುದು? ಇಷ್ಟು ದಿನ ರಬ್ಬರು ಇತ್ತು, ಆರ್ಡರು ಇತ್ತು, ಆಮೇಲೆ ವಿಚಾರಣೆ ಇತ್ತು. ಆ ಹುಡುಗಿ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಉತ್ತರ ನನಗೆ ಗೊತ್ತಿತ್ತು. ಕಂಪನಿ ಇಲ್ಲದಿದ್ದರೆ ನಾನು ಆ ಮನೆಗೆ ಹೋಗುತ್ತಿರಲಿಲ್ಲ, ಅಕ್ಕ ಯಾರೆಂದೇ ನನಗೆ ಗೊತ್ತಿರುತ್ತಿರಲಿಲ್ಲ. ಅದು ನಿಜ. ಅಕ್ಕ ನಂಬಿ ತಂಗಿ ಎಂದು ಹೇಳಿ ಅಷ್ಟು ಕಳೆದುಕೊಂಡರಲ್ಲ, ಅದೂ ನಿಜ. ಇನ್ನು ನಾನು ಹೋಗದೇ ಇದ್ದರೆ ಆ ಹುಡುಗಿಗೆ ಸರಿಯಾದ ಉತ್ತರ ಸಿಕ್ಕಿದ ಹಾಗೆ ಎಂದು ಎಷ್ಟೋ ದಿನ ಆದ ಮೇಲೆ ಹೊಳೆಯಿತು.

ಒಂದು ಶನಿವಾರ ಗಂಡನಿಗೂ ಹೇಳದೆ ಹೊರಟೆ. ದಾರಿಯಲ್ಲಿ ಗ್ರೋಸರಿಗೆ ಹೋಗಿ ಮಾವಿನ ಹಣ್ಣಿನ ಬಾಕ್ಸು ಎತ್ತಿಕೊಂಡೆ. ಬಿಲ್ಲಿನ ಸಾಲಿನಲ್ಲಿ ನಿಂತಾಗ, ಇದು ಎಂತಕ್ಕೆ ಎಂದು ಅಕ್ಕ ಕೇಳಿದ ಹಾಗಾಯಿತು. ವಾಪಸು ಇಟ್ಟೆ. ಹೂವು ತೆಗೆದುಕೊಂಡೆ, ಅದನ್ನೂ ಇಟ್ಟೆ. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ. ಡ್ಯಾನ್‌ವಿಲ್ಲಿನ ಆ ಬೀದಿಯಲ್ಲಿ ಕಾರು ನಿಲ್ಲಿಸಿದವಳು ಇಳಿಯದೆ ಕೂತಿದ್ದೆ. ಬಾಗಿಲು ತೆರೆಯದೇ ಹೋದರೆ? ತೆರೆದು, ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದರೆ? ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆನೋ ಏನೋ.

ಬೆಲ್ಲು ಒತ್ತಿದೆ. ಅಕ್ಕ ಬಾಗಿಲು ಅರ್ಧ ತೆರೆದರು. ಸ್ವಲ್ಪ ಇಳಿದಿದ್ದರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು, ಆಮೇಲೆ ನನ್ನ ಬೆನ್ನ ಹಿಂದಿದ್ದ ಕಾರಿನ ಕಡೆ ನೋಡಿದರು.

“ಎಂತ, ಏನಾದ್ರೂ ಕೆಲಸ ಇತ್ತಾ?”

“ಇಲ್ಲ ಅಕ್ಕ.”

“ಎಂತ ತಂದದ್ದು?”

“ಏನೂ ತಂದಿಲ್ಲ.”

ಅಕ್ಕ ಬಾಗಿಲನ್ನು ಹಿಡಿದುಕೊಂಡೇ ಇದ್ದರು. ಒಳಗಿನಿಂದ ಭಾವ, ಯಾರದು ಎಂದು ಕೇಳುವುದು ಕೇಳಿಸಿತು. ಅಕ್ಕ ಬಾಗಿಲು ಪೂರ್ತಿ ತೆರೆದರು.

“ಹಾಗಾದ್ರೆ ಒಳಗೆ ಬಾ,” ಅಂದರು.